ಮೂಗು ಮೇಸ್ತ್ರಿ ಒಂದೇ ಸಲ ಹೇಳಿದ ಮಾತು

ಗ್ಯಾರೇಜಿನಲ್ಲಿ ಅವನನ್ನು ಎಲ್ಲರೂ ಮೂಗು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಗಾಡಿಯ ಅಡಿಯಿಂದ ಏನೇ ಸೋರಲಿ, ನೆಲದ ಮೇಲಿನ ಹನಿಯನ್ನು ಕಿರುಬೆರಳಿನಲ್ಲಿ ಒತ್ತಿ, ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ ಹೇಳಿಬಿಡುತ್ತಿದ್ದ. ಇದು ಇಂಜಿನ್ ಆಯಿಲ್, ಇದು ಗೇರಿನದು, ಇದು ರೇಡಿಯೇಟರಿನ ಕೂಲೆಂಟ್, ಇದು ಬ್ರೇಕಿನದು. ಮೂವತ್ತೊಂದು ವರ್ಷದಲ್ಲಿ ತಪ್ಪು ಹೇಳಿದ್ದು ಎರಡೇ ಸಲ. ಆ ಎರಡು ಗಾಡಿಗಳ ಬಣ್ಣ ಕೂಡ ಅವನಿಗೆ ನೆನಪಿತ್ತು.

ಗ್ಯಾರೇಜು ಹೆಂಡತಿಯ ತಮ್ಮನದು. ಸ್ಪ್ಯಾನರನ್ನು ತಲೆಕೆಳಗಾಗಿ ಹಿಡಿಯುತ್ತಿದ್ದ ಆ ಬಾಮೈದನನ್ನು ಕೈ ಹಿಡಿದು ತಿದ್ದಿದವನು ಮೇಸ್ತ್ರಿಯೇ. ಕೈ ಹಿಡಿದು ಅನ್ನುವುದು ಮಾತಿಗೆ. ಹುಡುಗ ತಪ್ಪಿದಾಗಲೆಲ್ಲ ಅದೇ ಸ್ಪ್ಯಾನರಿನಿಂದ ಗೆಣ್ಣಿನ ಮೇಲೆ ಬಾರಿಸುತ್ತಿದ್ದ. ಆಮೇಲೆ ಹುಡುಗ ಬೆಳೆದ, ಜಾಗ ಹಿಡಿದ, ಬೋರ್ಡು ಹಾಕಿದ. ಬೋರ್ಡು ಏರಿದ ದಿನದಿಂದ ಗಿರಾಕಿಗಳ ಎದುರಿಗೆ ಮೇಸ್ತ್ರಿ ಅವನನ್ನು 'ನೀವು' ಎಂದು ಮಾತಾಡಿಸಬೇಕಾಯಿತು. ಅವನೂ 'ಭಾವ, ಭಾವ' ಎಂದು ಬಾಯಿತುಂಬ ಕರೆಯುತ್ತಿದ್ದ. ಆ ಕರೆಯಲ್ಲಿ ಸಕ್ಕರೆ ಎಷ್ಟು, ಸುಣ್ಣ ಎಷ್ಟು ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಹೋದ ವರ್ಷ ಮೇಸ್ತ್ರಿಗೆ ಜ್ವರ ಬಂತು. ಒಂಬತ್ತು ದಿನ ಮಲಗಿ ಎದ್ದಾಗ ಕೈಕಾಲೆಲ್ಲ ಇದ್ದಲ್ಲೇ ಇದ್ದವು, ವಾಸನೆ ಮಾತ್ರ ಹೋಗಿಬಿಟ್ಟಿತ್ತು. ಮೊದಲು ಕಂಡುಹಿಡಿದವಳು ಹೆಂಡತಿ. ಅವಳು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಹಾಲು ಸೀದು ಪಾತ್ರೆ ಕರ್ರಗಾಗಿತ್ತು. ಇವನು ಒಲೆಗೆ ಬೆನ್ನು ಹಾಕಿ ಪೇಪರ್ ಓದುತ್ತಿದ್ದ.

"ಬೀದಿಯವರಿಗೆಲ್ಲ ನಾತ ಹೊಡೀತಿದೆ. ನಿಮ್ಮ ಮೂಗೇನು ಗ್ಯಾರೇಜಲ್ಲೇ ಬಿಟ್ಟು ಬಂದ್ರಾ?"

ಅವನು ಪೇಪರ್ ಮಡಿಸಿದ. "ಯಾರ ಹತ್ರಾನೂ ಬಾಯಿಬಿಡಬೇಡ. ಗೊತ್ತಾದ್ರೆ ನಿನ್ನ ತಮ್ಮ ನನ್ನನ್ನ ಗಾಡಿ ತೊಳೆಯೋಕೆ ಕೂರಿಸ್ತಾನೆ."

ಅಂದಿನಿಂದ ಬೇರೆ ದಾರಿ ಹುಡುಕಿಕೊಂಡ. ಹನಿಯನ್ನು ಎರಡು ಬೆರಳಿನ ನಡುವೆ ಉಜ್ಜುವುದು, ಬಿಳಿ ಕಾಗದದ ಮೇಲೆ ಹರಡಲು ಬಿಡುವುದು, ಬಟ್ಟಲು ನೀರಿಗೆ ಬಿಟ್ಟು ತೇಲುತ್ತದೋ ಕರಗುತ್ತದೋ ನೋಡುವುದು. ಬ್ರೇಕ್ ಆಯಿಲ್ ಎಂಬ ಅನುಮಾನ ಬಂದರೆ ಯಾವುದಾದರೂ ಬಣ್ಣದ ತಗಡಿನ ಮೇಲೆ ಸವರಿ ಒಂದು ಗಂಟೆ ಬಿಡುವುದು. ಅದೊಂದೇ ಬಣ್ಣವನ್ನು ಸುಲಿಯುತ್ತದೆ. ಇಷ್ಟೆಲ್ಲ ಮಾಡಿದರೂ ಬೆರಳನ್ನು ಮೂಗಿಗೆ ತರುವ ಆಟವನ್ನು ಮಾತ್ರ ಬಿಡಲಿಲ್ಲ. ಹಲ್ಲಿಲ್ಲದವನು ಬಾಯಿ ಮುಚ್ಚಿ ಅಗಿಯುವ ಹಾಗೆ.

ಹೀಗಿರುವಾಗ ಒಂದು ಬೆಳಗ್ಗೆ ಹಲ್ಲಿನ ಡಾಕ್ಟರರ ಕೆಂಪು ಸ್ಪೋರ್ಟ್ಸ್ ಕಾರು ಬಂತು. ಬೆಕ್ಕು ಕೂಡ ಹೊಟ್ಟೆ ಒಳಗೆಳೆದುಕೊಂಡು ನುಸುಳಬೇಕು, ಅಷ್ಟು ತಗ್ಗಿನ ಗಾಡಿ. ಇಂಜಿನ್ ಹಿಂದೆ, ರೇಡಿಯೇಟರು ಮುಂದೆ, ನಡುವೆ ಉದ್ದುದ್ದ ಪೈಪುಗಳು. ಹೊಟ್ಟೆಗೆಲ್ಲ ಸೇರಿಸಿ ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ.

"ದಿನಾ ಬೆಳಗ್ಗೆ ಕೆಳಗೆ ಅಂಗೈಯಗಲ ಒದ್ದೆ ಇರುತ್ತೆ ಕಣ್ರೀ," ಎಂದರು ಡಾಕ್ಟರು. "ತಿರುವಲ್ಲಿ ಒಂದು ಕೆಂಪು ದೀಪ ಬೇರೆ ಮಿಣುಕ್ ಅಂತ ಹತ್ತಿ ಆರುತ್ತೆ."

"ದೀಪ ಬಿಡಿ ಸಾರ್, ಇಂಥ ಗಾಡೀಲಿ ಮದುವೆಮನೆ ಥರ ದೀಪ ಇರ್ತವೆ," ಎಂದ ಬಾಮೈದ. "ನಮ್ಮ ಭಾವ ಒಂದ್ಸಲ ಮೂಸಿದ್ರೆ ಸಾಕು."

ಕಾರು ಲಿಫ್ಟಿನ ಮೇಲೇರಿತು. ಹಿಂದಿನ ಎಡಗಾಲಿಯ ಹತ್ತಿರ, ಮುಚ್ಚಳದ ಸಂದಿಯಿಂದ ತೆಳು ಹಳದಿಯ ಹನಿ ಇಳಿಯುತ್ತಿತ್ತು. ಮೇಸ್ತ್ರಿಗೆ ಗೊತ್ತು, ಹನಿ ಬಿದ್ದಲ್ಲೇ ತೂತಿರಬೇಕೆಂದಿಲ್ಲ. ಮೇಲೆ ಎಲ್ಲೋ ಸೋರಿದ್ದು ಮುಚ್ಚಳದೊಳಗೆ ಹರಿದು, ತಗ್ಗು ಕಂಡಲ್ಲಿ ಇಳಿಯುತ್ತದೆ. ಬೆರಳಿಗೆ ಜಾರಿತು. ನೀರಿಗೆ ಬಿಟ್ಟರೆ ಕರಗಿತು. ಹಾಗಾದರೆ ಇಂಜಿನ್ ಆಯಿಲ್ ಅಲ್ಲ. ಒಂದೋ ಕೂಲೆಂಟ್, ಇಲ್ಲವೇ ಬ್ರೇಕಿನದು. ಇವರ ಕೂಲೆಂಟೂ ಅದೇ ಹಳದಿ. ಗ್ಯಾರೇಜಿನ ಪೇಂಟರ್ ಬಿಸಾಡಿದ್ದ ಒಂದು ನೀಲಿ ಮಡ್‌ಗಾರ್ಡಿನ ಮೇಲೆ ಎರಡು ಹನಿ ಸವರಿ, ಗೋಡೆಗೆ ಒರಗಿಸಿಟ್ಟ.

"ಒಂದು ಗಂಟೆ ಕೊಡಿ," ಎಂದ. "ಮುಚ್ಚಳ ಬಿಚ್ಚಿ ನೋಡ್ಬೇಕು."

ಬಾಮೈದ ಪೇಂಟರನ ಮುಖ ನೋಡಿದ. ಪೇಂಟರ್ ಕೆಮ್ಮಿ ನಗು ನುಂಗಿದ.

"ಮೂಸೋಕೆ ಒಂದು ಗಂಟೆಯಾ ಭಾವ? ಡಾಕ್ಟರಿಗೆ ಅಲ್ಲಿ ಬಾಯಿ ತೆಗೆದು ಜನ ಕಾಯ್ತಿರ್ತಾರೆ. ಬನ್ನಿ, ನಿಮ್ಮ ವಿದ್ಯೆ ಒಂಚೂರು ತೋರ್ಸಿ. ಸಾರ್ ನೋಡ್ಲಿ."

ಕೈ ಒರೆಸುವ ಬಟ್ಟೆಯನ್ನು ಮಡಿಸಿ ಮೇಸ್ತ್ರಿಯ ಕಣ್ಣಿಗೆ ಕಟ್ಟಿದ. ಬೇಡ ಅನ್ನುವಷ್ಟರಲ್ಲಿ ಗಂಟು ಬಿದ್ದಿತ್ತು. ಬೇಡ ಅಂದಿದ್ದರೂ ಏನು, ಅಂದವನ ಮರ್ಯಾದೆಯೇ ಹೋಗುತ್ತಿತ್ತು.

"ಕೈ ಬೆನ್ನ ಹಿಂದೆ ಇರ್ಲಿ. ಬರೀ ಮೂಗು."

ಪೇಂಟರ್ ಒಂದು ಬಾಟಲಿ ಮುಚ್ಚಳವನ್ನು ಮೂಗಿನ ಕೆಳಗೆ ಹಿಡಿದ. ಮೇಸ್ತ್ರಿ ಉಸಿರೆಳೆದ. ಉಸಿರು ಬಂತು, ಹೋಯಿತು, ಏನನ್ನೂ ತರಲಿಲ್ಲ.

"ಗೇರ್ ಆಯಿಲ್," ಎಂದ.

"ಅಬ್ಬಾ," ಎಂದ ಪೇಂಟರ್. ಅದು ಪೆಟ್ರೋಲ್ ಆಗಿತ್ತು. ಡಾಕ್ಟರಿಗೆ ನಿಂತಲ್ಲಿಗೇ ಘಾಟು ಬಡಿಯುತ್ತಿತ್ತು. ಎರಡನೆಯದು ಸೋಪಿನ ನೀರು. ಮೇಸ್ತ್ರಿ ಬ್ರೇಕ್ ಆಯಿಲ್ ಎಂದ. ಮೂರನೆಯದನ್ನು ತುಂಬಿಕೊಂಡು ಬರಲು ಪೇಂಟರ್ ಹೊರಗೆ ಹೋಗಿ ಬಂದ.

"ಇದು ಇಂಜಿನ್ ಆಯಿಲ್. ಹಳೇದು, ಸುಟ್ಟಿದೆ."

"ಎಷ್ಟು ಕಿಲೋಮೀಟರ್ ಓಡಿರಬಹುದು ಭಾವ?"

"ಹತ್ತು ಸಾವಿರ ಆಗಿರ್ಬೇಕು."

ಆಗ ಗ್ಯಾರೇಜೇ ನಕ್ಕಿತು. ಬಟ್ಟೆ ಬಿಚ್ಚಿದರು. ಮುಚ್ಚಳದಲ್ಲಿ ಇದ್ದದ್ದು ಹಿತ್ತಿಲ ಮೋರಿಯ ನೀರು. ಒಂದು ಹುಳ ಇನ್ನೂ ಈಜುತ್ತಿತ್ತು. ಡಾಕ್ಟರು ಬೇರೆ ಕಡೆ ನೋಡಿದರು, ಆದರೆ ಅವರ ಭುಜವೂ ಕುಣಿಯುತ್ತಿತ್ತು.

"ಅಕ್ಕ ಹೇಳಿದಾಗ ನಾನು ನಂಬ್ಲೇ ಇಲ್ಲ," ಎಂದ ಬಾಮೈದ. "ಒಂದು ವರ್ಷದಿಂದ ಬರೀ ನಾಟಕ ಆಡ್ಕೊಂಡು ಬಂದಿದ್ದೀರಲ್ಲ ಭಾವ. ನಾಳೆಯಿಂದ ಗಾಡಿ ತೊಳೀರಿ. ಅದಕ್ಕೆ ಮೂಗು ಬೇಡ."

ಮೇಸ್ತ್ರಿಯ ಕಿವಿಗೆ ಬಿದ್ದದ್ದು ಒಂದೇ ಮಾತು. ಅಕ್ಕ ಹೇಳಿದಾಗ.

ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದ, ಮತ್ತೆ ತೊಳೆದ. ಅತ್ತ ಬಾಮೈದ ಕೂಲೆಂಟ್ ಡಬ್ಬಿಯ ಮುಚ್ಚಳ ತೆಗೆದು ನೋಡಿದ, ಒಂದು ಬೆರಳು ಇಳಿದಿತ್ತು. ಅಷ್ಟೇ ಸಾಕಾಯಿತು. "ಕೂಲೆಂಟೇ ಸಾರ್, ಪೈಪಿನ ಕ್ಲಿಪ್ ಸಡಿಲ," ಎಂದು ಕೈಗೆ ಸಿಕ್ಕ ಕ್ಲಿಪ್ಪನ್ನು ಬಿಗಿಮಾಡಿ, ಡಬ್ಬಿ ತುಂಬಿಸಿ, ಕಾರನ್ನು ಇಳಿಸಿದ. ಬ್ರೇಕಿನ ಡಬ್ಬಿ ಮುಂದುಗಡೆ ಮೂರು ಪ್ಲಾಸ್ಟಿಕ್ ತುಂಡುಗಳ ಕೆಳಗಿತ್ತು. ಅದನ್ನು ಯಾರು ಬಿಚ್ಚುತ್ತಾರೆ?

ಮೇಸ್ತ್ರಿ ಮುಖ ಒರೆಸಿಕೊಳ್ಳುತ್ತ ನೀಲಿ ಮಡ್‌ಗಾರ್ಡಿನ ಕಡೆ ನೋಡಿದ. ಗಂಟೆ ತುಂಬುವ ಮೊದಲೇ ಹನಿ ಸವರಿದ ಎರಡೂ ಕಡೆ ಬಣ್ಣ ಎದ್ದು, ಆರಿದ ಹಾಲಿನ ಕೆನೆಯಂತೆ ನೆರಿಗೆಗಟ್ಟಿತ್ತು. ಉಗುರು ತಾಗಿಸಿದರೆ ಸುಲಿದು ಬಂತು. ಬ್ರೇಕ್ ಆಯಿಲ್. ಡಬ್ಬಿಯಲ್ಲಿ ಆಯಿಲ್ ಇಳಿದು, ತಿರುವಿನಲ್ಲಿ ತುಳುಕಿದಾಗ ಹತ್ತಿದ ಕೆಂಪು ದೀಪವೂ ಅದನ್ನೇ ಹೇಳಿತ್ತು.

ಬಂದು ಕಾರಿನ ಹತ್ತಿರ ನಿಂತ. "ಓಡಿಸಬೇಡಿ. ಬ್ರೇಕಿನದು ಸೋರ್ತಿದೆ," ಎಂದ. ಮಾತು ಮೆಲ್ಲಗೆ ಬಂತು.

"ಮೋರಿ ನೀರು ಹೇಳ್ತೋ?" ಎಂದ ಪೇಂಟರ್. ಮತ್ತೊಮ್ಮೆ ನಗು.

ಇನ್ನೊಂದು ಸಲ ಹೇಳಬೇಕು. ಮಡ್‌ಗಾರ್ಡನ್ನು ತಂದು ಮುಖದ ಮುಂದೆ ಹಿಡಿಯಬೇಕು. ಅವನಿಗದು ಗೊತ್ತಿತ್ತು. ಡಾಕ್ಟರು ಸ್ಟೀರಿಂಗ್ ಹಿಂದೆ ಕೂತಿದ್ದರೆ ಕೂಗುತ್ತಿದ್ದನೇನೋ. ಅಷ್ಟರಲ್ಲಿ, "ನಾನೇ ಒಂದು ಸುತ್ತು ಹೊಡ್ಕೊಂಡು ಬರ್ತೀನಿ ಸಾರ್," ಎಂದು ಬಾಮೈದ ಕೂತ. ಮೇಸ್ತ್ರಿ ತೆರೆದ ಬಾಯಿಯನ್ನು ಮುಚ್ಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟ.

ಗ್ಯಾರೇಜಿನ ಮುಂದೆ ಇಳಿಜಾರು, ಇಳಿಜಾರಿನ ಕೊನೆಗೆ ರಸ್ತೆ, ರಸ್ತೆಯಾಚೆ ಸಿಮೆಂಟಿನ ಗೋಡೆ. ಮೊದಲ ಸಲ ತುಳಿದಾಗ ಕಾರು ಅರೆಬರೆ ನಿಂತಿತು. ಎರಡನೆಯ ಸಲಕ್ಕೆ ಪೆಡಲು ನೆಲಕ್ಕೆ ಹೋಯಿತು. ಮೇಸ್ತ್ರಿಗೆ ಹಿಂದಿನ ದೀಪಗಳು ಕಾಣುತ್ತಿದ್ದವು: ಹತ್ತಿದವು, ಆರಿದವು, ಹತ್ತಿದವು, ಆರಿದವು. ಒಳಗಿನ ಕಾಲು ಹೇಗೆ ಒದ್ದಾಡುತ್ತಿದೆ ಎಂದು ಅವನು ಎಣಿಸಬಲ್ಲವನಾಗಿದ್ದ. ಆಮೇಲೆ ಗೋಡೆ.

ಕಬ್ಬಿಣ ಕತ್ತರಿಸಿ ಬಾಮೈದನನ್ನು ಈಚೆಗೆ ತೆಗೆದರು. ಬಲ ಮೊಣಕಾಲು ಇರಬೇಕಾದ ಆಕಾರದಲ್ಲಿ ಇರಲಿಲ್ಲ. ಅವನನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ಮೇಸ್ತ್ರಿ ಕಾರನ್ನು ಎಳೆಸಿ, ಮುಚ್ಚಳ ಬಿಚ್ಚಿದ. ಎಲ್ಲೋ ಯಾರೋ ಮುಚ್ಚಳಕ್ಕೆ ಹಾಕಿದ್ದ ಒಂದು ಉದ್ದ ಸ್ಕ್ರೂವಿನ ಮೊನೆ ಬ್ರೇಕ್ ಪೈಪನ್ನು ಕೊರೆದು ತೂತು ಮಾಡಿತ್ತು. ಡಾಕ್ಟರಿಗೆ ತೋರಿಸಿದ. ಅವರು ನಗಲಿಲ್ಲ.

ಸಂಜೆ ಆಸ್ಪತ್ರೆಯ ಬೆಂಚಿನ ಮೇಲೆ ಹೆಂಡತಿ ಕೂತಿದ್ದಳು. ಅವನು ಹೋಗಿ ಪಕ್ಕದಲ್ಲಿ ಕೂತ.

"ಕಾಲು ಇನ್ನು ಮಡಚೋಕೆ ಆಗಲ್ಲವಂತೆ," ಎಂದಳು. "ನಿಮಗೆ ಮೊದಲೇ ಗೊತ್ತಿತ್ತಂತೆ."

"ಹೇಳ್ದೆ."

"ಕೇಳಿಸೋ ಹಾಗೆ ಹೇಳಿದ್ರಾ?"

"ನೀನು ನನ್ನ ಮೂಗಿನ ವಿಷಯ ಅವನಿಗೆ ಹೇಗೆ ಹೇಳ್ದೆ? ನಕ್ಕೊಂಡು ಹೇಳಿದ್ಯಾ?"

ಅವಳು ಅವನ ಮುಖವನ್ನೇ ನೋಡಿದಳು. "ಅತ್ತುಕೊಂಡು ಹೇಳ್ದೆ. ಯಾರಾದ್ರೂ ದೊಡ್ಡ ಡಾಕ್ಟರ್ ಹತ್ರ ಭಾವನ್ನ ಕರ್ಕೊಂಡು ಹೋಗಪ್ಪ, ನನ್ನ ಮಾತು ಅವರು ಕೇಳಲ್ಲ ಅಂತ ಹೇಳ್ದೆ."

ಅವಳು ಸೆರಗು ಎಳೆದುಕೊಂಡು ಎದ್ದು ತಮ್ಮನಿದ್ದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೇಸ್ತ್ರಿ ಆ ಬಾಗಿಲನ್ನು ನೋಡುತ್ತ ಕೂತ. ಪೇಂಟರ್ ಬಂದು ದೂರದಲ್ಲೇ ನಿಂತ, ಹತ್ತಿರ ಬರಲು ಹೆದರಿದವನಂತೆ.

"ಮೇಸ್ತ್ರೀ, ನಾಳೆ ಗ್ಯಾರೇಜ್ ಯಾರು ತೆಗೀತಾರೆ?"

ಮೇಸ್ತ್ರಿ ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ. ಬಲಗೈಯನ್ನು ಮಾತ್ರ ಚಾಚಿದ.

"ಬೀಗದ ಕೈ ಕೊಡು."

ಪೇಂಟರ್ ಎರಡೂ ಕೈಯಿಂದ ಕೊಟ್ಟ.