ರಾತ್ರಿ ಎಂಟರ ಹಸಿವು

ನನ್ನ ಮೊದಲ ಗಂಡ ದಿನಾ ಸಂಜೆ ವಾಲಿಬಾಲ್ ಆಡುತ್ತಿದ್ದರು. ಯಳಂದೂರು ಪೇಟೆಯಲ್ಲಿ ಅವರದೊಂದು ಮೋಟರ್ ರಿವೈಂಡಿಂಗ್ ಅಂಗಡಿ ಇತ್ತು. ಸಂಜೆ ಷಟರ್ ಎಳೆದವರು ಮನೆಗೆ ಬರದೆ ನೇರವಾಗಿ ನಮ್ಮೂರ ಶಾಲೆಯ ಹಿಂದಿನ ಬಯಲಿಗೆ ಹೋಗುತ್ತಿದ್ದರು. ಕತ್ತಲಾದರೆ ಕಂಬದ ಲೈಟಿನಲ್ಲಿ ಆಡುತ್ತಿದ್ದರು. ಎಂಟರ ಹೊತ್ತಿಗೆ ಬೆವರು ಒರೆಸಿಕೊಳ್ಳುತ್ತಾ ಬಂದು, ಚಪ್ಪಲಿ ಬಿಡುವ ಮುಂಚೆಯೇ ಕೂಗುತ್ತಿದ್ದರು: "ಅವ್ವಾ, ಹಿಟ್ಟಾಯ್ತಾ?"

ನಮ್ಮ ಕಡೆ ಮುದ್ದೆಗೆ ಹಿಟ್ಟು ಅನ್ನುತ್ತೇವೆ. ಅತ್ತೆ ಸರಿಯಾಗಿ ಆ ಹೊತ್ತಿಗೇ ಹಿಟ್ಟು ತೊಳಸಿ, ಹೊಗೆಯಾಡುವ ಮುದ್ದೆಯನ್ನು ತಟ್ಟೆಗೆ ಇಳಿಸುತ್ತಿದ್ದರು. ಮಗ ಉಣ್ಣುವುದನ್ನು ನೋಡುತ್ತಾ ತಾವೂ ಉಣ್ಣುತ್ತಿದ್ದರು. ಮಾವ ಎಂದೋ ತೀರಿಹೋಗಿದ್ದರು, ನಾದಿನಿ ಮದುವೆಯಾಗಿ ಕೊಳ್ಳೇಗಾಲದಲ್ಲಿದ್ದಳು, ನಮಗಿನ್ನೂ ಮಕ್ಕಳಾಗಿರಲಿಲ್ಲ. ಮೂರೇ ಜನರ ಆ ಮನೆಯಲ್ಲಿ ನಮ್ಮೆಲ್ಲರ ಹೊಟ್ಟೆಗೂ ಎಂಟು ಗಂಟೆಯೇ ಊಟದ ಹೊತ್ತಾಗಿತ್ತು.

ಒಂದು ಸಲ ಯಾವುದೋ ಪಂದ್ಯ ಹತ್ತಿರ ಬಂತೆಂದು ಅವರ ತಂಡ ಬೆಳಗಿನ ಜಾವ ಆಡಲು ಶುರು ಮಾಡಿತು. ಆಡಿ ಬಂದವರಿಗೆ ತಿಂಡಿ ಕಂಡರೆ ಆಗುತ್ತಿರಲಿಲ್ಲ. ಹತ್ತು ಗಂಟೆಗೆ ತಡೆಯಲಾರದ ಹಸಿವಾಗಿ, ಅಂಗಡಿ ಬಿಟ್ಟು ಹೋಟೆಲಿನಲ್ಲಿ ಸಿಕ್ಕಿದ್ದನ್ನೆಲ್ಲ ತಿನ್ನುತ್ತಿದ್ದರು. ರಾತ್ರಿ ಅರ್ಧ ಮುದ್ದೆಗೇ ಕೈತೊಳೆದು ಮಲಗುತ್ತಿದ್ದರು. ಅತ್ತೆಗೆ ಇದನ್ನು ಸಹಿಸಲಾಗಲಿಲ್ಲ. ತಂಡದ ಹುಡುಗನೊಬ್ಬ ಬೀದಿಯಲ್ಲಿ ಸಿಕ್ಕಾಗ ತಡೆದು ನಿಲ್ಲಿಸಿದರು.

"ನಿಮ್ ಆಟನ ಸಂಜಿಕೇ ಮಡಿಕಳಿ ಕನಪ್ಪ. ನಮ್ಮನೇಲಿ ದಿನಾ ಹಿಟ್ಟು ಉಳೀತಾದೆ."

ಪಂದ್ಯ ಮುಗಿದು ಆಟ ಮತ್ತೆ ಸಂಜೆಗೆ ಬಂದಾಗ, ತಮ್ಮ ಮಾತಿನಿಂದಲೇ ಹಾಗಾಯಿತೆಂದು ಅತ್ತೆ ಬೀಗಿದ್ದೇ ಬೀಗಿದ್ದು.

ಒಂದು ಸಂಜೆ, ಆಟದ ನಡುವೆಯೇ ಅವರು ಎದೆ ಹಿಡಿದುಕೊಂಡು ಕೂತುಬಿಟ್ಟರಂತೆ. ಜೊತೆಯವರು ಆಟೋದಲ್ಲಿ ಯಳಂದೂರಿನ ಆಸ್ಪತ್ರೆಗೆ ಒಯ್ದರು. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಅಂದರು. ದಾರಿಯಲ್ಲೇ ಹೋಗಿಬಿಟ್ಟರು. ಅವರಿಗೆ ಮೂವತ್ತೈದು ತುಂಬಿರಲಿಲ್ಲ. ಸುದ್ದಿ ಬಂದಾಗ ಅತ್ತೆ ಎಸರಿಗೆ ಹಿಟ್ಟು ಸುರಿಯುತ್ತಿದ್ದರು. ಆ ಹಿಟ್ಟು ಒಲೆಯ ಮೇಲೆ ಸೀದು ಕರಕಾಯಿತು. ಇಳಿಸುವವರು ಯಾರೂ ಇರಲಿಲ್ಲ.

"ಆಡಿ ಆಡಿ ಸತ್ತ" ಎಂದು ಊರವರು ಅಂದರು. ರಕ್ತನಾಳದಲ್ಲಿ ಮೊದಲಿಂದಲೇ ತೊಂದರೆ ಇದ್ದಿರಬೇಕು, ಆಟದ ತಪ್ಪಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅತ್ತೆ ಕಿವಿಗೇ ಹಾಕಿಕೊಳ್ಳಲಿಲ್ಲ.

ಆಮೇಲೆ ನಮ್ಮಿಬ್ಬರಿಗೂ ಊಟ ಸೇರಲಿಲ್ಲ. ರಾತ್ರಿ ಎಂಟಾಗುತ್ತಿತ್ತು, ಒಂಬತ್ತಾಗುತ್ತಿತ್ತು, ಒಲೆ ಹಚ್ಚಬೇಕೆಂದೇ ಅನ್ನಿಸುತ್ತಿರಲಿಲ್ಲ. ನಾನು ಕೊಳ್ಳೇಗಾಲದ ಅಂಗಡಿಯೊಂದರಿಂದ ರೇಷ್ಮೆ ಸೀರೆ ತಂದು ಕುಚ್ಚು ಕಟ್ಟಿಕೊಡುತ್ತಿದ್ದೆ. ಅದನ್ನೇ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದೆ. ಅತ್ತೆ ಗೋಡೆಗೊರಗಿ ಕೂತಿರುತ್ತಿದ್ದರು. ಅವರಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು. ಊಟವಿಲ್ಲದೆ ಬರೀ ಮಾತ್ರೆ ನುಂಗಿ, ಒಂದು ಮಧ್ಯಾಹ್ನ ಅಂಗಳದಲ್ಲಿ ಕಣ್ಣು ಕತ್ತಲಿಟ್ಟು ಬಿದ್ದರು.

ಕೊಳ್ಳೇಗಾಲದ ಡಾಕ್ಟರು, ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು, ದಿನಾ ನಡೆಯಬೇಕು ಅಂದರು.

"ನಡೆಯಾದು ಗಿಡೆಯಾದು ಬ್ಯಾಡಿ ಸಾ," ಅಂದರು ಅತ್ತೆ. "ಮೈ ದಂಡ್ಸಕ್ ಓದ ಮಗ ಮನೆಗ್ ಬರ್ನಿಲ್ಲ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಓಡೋದು ಬೇಡಮ್ಮ. ಊಟ ಸೇರಲಿ ಅಂತ ಹೇಳ್ತಾ ಇದೀನಿ. ಸೊಸೆ ಕೈ ಹಿಡ್ಕೊಂಡು ನಿಧಾನಕ್ಕೆ ನಡೀರಿ, ಸಾಕು."

ನನಗೆ ತಿಳಿದಂತೆ ಬೆಳಿಗ್ಗೆಯೇ ಶುರು ಮಾಡಿಸಿದೆ. ಮೂರನೇ ದಿನವೋ ನಾಲ್ಕನೇ ದಿನವೋ, ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ ಬಂದಿದ್ದ ಅತ್ತೆಗೆ ದಾರಿಯಲ್ಲೇ ಬೆವರು ಕಿತ್ತುಕೊಂಡು ಬಂತು. ಕೈಕಾಲು ನಡುಗುತ್ತಾ ಮೋರಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ಟೀ ಅಂಗಡಿಗೆ ಓಡಿ ಸಕ್ಕರೆ ತಂದು ಬಾಯಿಗೆ ಹಾಕಿದೆ. ಡಾಕ್ಟರು ನನಗೆ ಚೆನ್ನಾಗಿ ಬೈದರು. ಅದೂ ಅಲ್ಲದೆ, ಬೆಳಿಗ್ಗೆ ನಡೆದ ದಿನ ಅವರಿಗೆ ಮಧ್ಯಾಹ್ನದವರೆಗೂ ಅನ್ನ ಬೇಕಾಗುತ್ತಿರಲಿಲ್ಲ. ನಡಿಗೆಯನ್ನು ಸಂಜೆಗೆ ಹಾಕಿಕೊಂಡೆವು. ಐದೂವರೆಗೆ ಒಂದು ಹಿಡಿ ಕಡ್ಲೆಪುರಿ, ಸಪ್ಪೆ ಟೀ. ಆಮೇಲೆ ಕಾಲುವೆ ಏರಿಯ ಮೇಲೆ ನಡಿಗೆ.

ಶಾಲೆಯ ಕಡೆ ಹೋಗುತ್ತಿರಲಿಲ್ಲ. ಕಬ್ಬಿನ ಗದ್ದೆಗಳ ಕಡೆ ತಿರುಗಿಕೊಳ್ಳುತ್ತಿದ್ದೆವು. ಎದುರಿಗೆ ಬಿಳಿಗಿರಿರಂಗನ ಬೆಟ್ಟ ಮಸುಕಾಗುತ್ತಾ ಹೋಗುತ್ತಿತ್ತು. ಮಾತು ಅಷ್ಟಕ್ಕಷ್ಟೆ. ನಾನು ಉಣ್ಣಲೆಂದು ಅವರು ನಡೆಯುತ್ತಿದ್ದರು, ಅವರು ಉಣ್ಣಲೆಂದು ನಾನು ನಡೆಯುತ್ತಿದ್ದೆ. ಬಹಳ ದಿನ ಏನೂ ಬದಲಾಗಲಿಲ್ಲ. ಬಂದು ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದೆವು.

ಒಂದು ದಿನ ನಡೆದು ಬಂದು ನಾನು ಸೊಪ್ಪು ಬಿಡಿಸುತ್ತಿದ್ದೆ. ಹಿಟ್ಟು ತೊಳಸುತ್ತಿದ್ದ ಅತ್ತೆ ಕೋಲನ್ನು ಪಾತ್ರೆಯಲ್ಲೇ ಬಿಟ್ಟು, ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿದರು. ಸುಟ್ಟುಕೊಂಡರೇನೋ ಎಂದು ಓಡಿದೆ.

"ಹೊಟ್ಟೆ ಅಸೀತಾದೆ ಕನವ್ವ," ಅಂದರು.

"ಅದಕ್ಯಾಕೆ ಅಳ್ತೀರಿ ಅತ್ತೆ? ಒಳ್ಳೇದೇ ಅಲ್ವಾ?"

"ಇದೇ ಒತ್ತು ಕನವ್ವ. ಅಂವ ಬರಾ ಒತ್ತು. ಮಗನ್ನ ಮಣ್ಮಾಡಿ ಬಂದ ಹೊಟ್ಟೆಗೆ ಇಷ್ಟಾದ್ರೂ ನಾಚ್ಕೆ ಬ್ಯಾಡ್ವಾ?"

ನನಗೂ ಹಸಿವಾಗಿತ್ತು. ಅದಕ್ಕೆ ಒಂದು ವಾರದ ಮುಂಚಿನಿಂದಲೇ ಎಂಟರ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ನಾಚಿಕೆಯಿಂದ ಹೇಳಿರಲಿಲ್ಲ. ಆ ದಿನ ಹೇಳಿದೆ. ಅತ್ತೆ ನನ್ನ ಮುಖವನ್ನೇ ನೋಡಿ, ಕಣ್ಣೊರೆಸಿಕೊಂಡು, ನನ್ನ ತಟ್ಟೆಗೆ ಇಡೀ ಮುದ್ದೆ ಇಕ್ಕಿದರು. ಇಬ್ಬರೂ ಅಳುತ್ತಲೇ ಉಂಡೆವು, ಹೊಟ್ಟೆ ತುಂಬಾ. ಆ ಊಟ ರುಚಿಯಾಗಿತ್ತು. ಅದನ್ನು ಬರೆಯಲು ಈಗಲೂ ಕೈ ತಡೆಯುತ್ತದೆ.

ಎರಡು ವರ್ಷ ಹಾಗೇ ನಡೆದೆವು. ಅತ್ತೆಯ ಸಕ್ಕರೆ ಹಿಡಿತಕ್ಕೆ ಬಂತು, ಕೆನ್ನೆ ತುಂಬಿತು. ಆಮೇಲೆ ಲೊಕ್ಕನಹಳ್ಳಿಯ ನನ್ನ ತವರಿಂದ ಅಣ್ಣ ಬಂದ. ಹನೂರಿನಲ್ಲೊಂದು ಸಂಬಂಧ, ಗೊಬ್ಬರದ ಅಂಗಡಿ, ಹೆಂಡತಿ ಇಲ್ಲದವರು, ಒಳ್ಳೆಯವರು ಎಂದ. ನಾನು ಬೇಡವೆಂದು ಕಳಿಸಿದೆ. ಮಾರನೆಯ ಸಂಜೆ ಏರಿಯ ಮೇಲೆ ಅತ್ತೆ ತಾವೇ ಮಾತು ತೆಗೆದರು.

"ನೀ ಓಗು."

"ನಾ ಹೋದ್ರೆ ನೀವು ಉಣ್ಣಲ್ಲ."

"ಉಣ್ತಿನಿ. ಕೊಳ್ಳೇಗಾಲಕ್ಕೆ ಮಗಳ ಮನೆಗೆ ಓಯ್ತಿನಿ. ಅವ್ಳು ಕರೀತಾನೇ ಅವ್ಳೆ."

"ಯಾರ ಜೊತೆ ನಡೀತೀರಿ ಅತ್ತೆ?"

ಅವರು ನಿಂತರು. "ನನ್ ಮಗ ಓದ ಅಂತ ನಿನ್ನೂ ಇಲ್ಲೇ ಮಡಿಕಂಡು ಕೂತ್ಕಳ್ಳಾ? ನಿಂಗಿನ್ನೂ ವಯಸ್ಸಾದೆ. ಓಗವ್ವ."

ಮದುವೆಗೆ ಸೀರೆ ಕೊಡಿಸಿದವರು ಅವರೇ. ಮದುವೆಗೆ ಮಾತ್ರ ಬರಲಿಲ್ಲ. ಬಸ್ಸು ಹತ್ತಿಸಲು ಯಳಂದೂರಿನವರೆಗೂ ಬಂದರು. ಬಸ್ಸು ಹೊರಟಾಗ ಮುಖ ಆ ಕಡೆ ತಿರುಗಿಸಿಕೊಂಡಿದ್ದರು.

ಹನೂರಿನ ಮನೆಯಲ್ಲಿ ನನಗೆ ಯಾವ ಕೊರತೆಯೂ ಇರಲಿಲ್ಲ. ಈಗಲೂ ಇಲ್ಲ. ನನ್ನ ಗಂಡ ಐದು ಗಂಟೆಗೇ ಎದ್ದು ವಾಕಿಂಗ್ ಹೋಗುವವರು. ಬಂದು ಸ್ನಾನ ಮಾಡಿ ತಡವಾಗಿ ತಿಂಡಿ ತಿನ್ನುತ್ತಾರೆ, ಚೆನ್ನಾಗಿ ತಿನ್ನುತ್ತಾರೆ. ರಾತ್ರಿ ಏಳಕ್ಕೆ ಒಂದಿಷ್ಟು ಅನ್ನ, ಒಂಬತ್ತಕ್ಕೆ ನಿದ್ದೆ. ಏಳಕ್ಕೆ ನನಗೆ ತುತ್ತು ಇಳಿಯುತ್ತಿರಲಿಲ್ಲ. ಎಂಟಕ್ಕೆ ಹಸಿವಾಗುತ್ತಿತ್ತು, ಒಲೆ ಆರಿರುತ್ತಿತ್ತು. ಹೊಸ ಮನೆಯಲ್ಲಿ ಏನೆಂದು ಹೇಳಲಿ? ನೀರು ಕುಡಿದು ಮಲಗುತ್ತಿದ್ದೆ. ಅವರು ಅದು ಹೇಗೋ ಗಮನಿಸಿದರು. "ನಿನ್ನ ಪಾಲು ಮುಚ್ಚಿಟ್ಟಿರು, ನಿನಗೆ ಬೇಕಾದಾಗ ಉಣ್ಣು" ಅಂದರು. ಯಾಕೆಂದು ಕೇಳಲಿಲ್ಲ.

ಸಂಜೆ ಆರಕ್ಕೆ ನಾನು ತಾರಸಿಯ ಮೇಲೆ ನಡೆಯುತ್ತಿದ್ದೆ. ಅದೇ ಹೊತ್ತಿಗೆ ಅತ್ತೆ ಕೊಳ್ಳೇಗಾಲದಲ್ಲಿ ಮಗಳ ಮನೆಯ ಬೀದಿಯಲ್ಲಿ ನಡೆಯುತ್ತಿದ್ದರು. ಫೋನು ಮಾಡಿ, "ನಡೀತಿದ್ದೀರಾ ಅತ್ತೆ?" ಅನ್ನುತ್ತಿದ್ದೆ. "ನಡೀತಾ ಇವ್ನಿ ಕನವ್ವ, ನೀನು?" ಅನ್ನುತ್ತಿದ್ದರು. ಆ ಕಡೆಯಿಂದ ಅವರ ಏದುಸಿರು, ಆಟೋ ಹಾರ್ನು. ಏನು ಸಾರು, ಯಾವ ಸೊಪ್ಪು, ಮಳೆ ಬಂತಾ? ಅಷ್ಟೇ ಮಾತು.

ಹೋದ ಮಳೆಗಾಲದಲ್ಲಿ ಅವರ ಕಿಡ್ನಿ ಕೆಟ್ಟಿತು. ವಿಷಯ ತಿಳಿದ ದಿನವೇ ಸೊಪ್ಪಿನ ಬಸ್ಸಾರು, ಅನ್ನ ಕಟ್ಟಿಕೊಂಡು ಕೊಳ್ಳೇಗಾಲದ ಆಸ್ಪತ್ರೆಗೆ ಹೋದೆ. ವಾರ್ಡಿನ ಬಾಗಿಲಲ್ಲಿ ನರ್ಸು ತಡೆದು, "ನೀವು ಪೇಷೆಂಟಿಗೆ ಏನಾಗಬೇಕು?" ಎಂದು ಕೇಳಿದಳು. ನಾನೀಗ ಇನ್ನೊಂದು ಮನೆಯ ಸೊಸೆ. ಒಳಗಿದ್ದ ಅತ್ತೆಯ ಮಗಳು ಎದ್ದು ಬಂದು, "ನಮ್ಮೋರೇ ಸಿಸ್ಟರ್, ಬಿಡಿ" ಅಂದಳು.

ಅತ್ತೆ ಸೊರಗಿಹೋಗಿದ್ದರು. ಸಂಜೆ ನನ್ನ ಕೈ ಹಿಡಿದು ತಾವಾಗಿಯೇ ಎದ್ದರು. ಕಾರಿಡಾರಿನಲ್ಲಿ ಗೋಡೆ ಹಿಡಿದು ಹಿಡಿದು ನಡೆದೆವು. ವಾಪಸು ಬಂದು ಡಬ್ಬಿ ತೆಗೆದು ಒಂದು ತುತ್ತು ಕಲಸಿ ಕೊಟ್ಟೆ. ಬಾಯಲ್ಲಿಟ್ಟುಕೊಂಡರು, ನುಂಗಲಾಗಲಿಲ್ಲ.

"ಎಷ್ಟ್ ನಡುದ್ರೂವೆ ಅಸಿವೇ ಆಯ್ತಿಲ್ಲ ಕನವ್ವ," ಅಂದರು. ನನಗೇನೋ ಮೋಸ ಮಾಡಿದವರ ಹಾಗೆ ಮುಖ ಮಾಡಿಕೊಂಡಿದ್ದರು.

ಕಾರ್ತಿಕ ಮಾಸದಲ್ಲಿ ತೀರಿಕೊಂಡರು. ಮಣ್ಣಿಗೆ ಹೋದಾಗ ನಾನು ಮನೆಯವರ ಜೊತೆ ನಿಲ್ಲುವ ಹಾಗಿರಲಿಲ್ಲ. ಊರ ಹೆಂಗಸರ ನಡುವೆ ನಿಂತು ಕಣ್ಣೀರು ಹಾಕಿದೆ. "ಪಾಪ, ಹಳೇ ಸೊಸೆ" ಎಂದು ಯಾರೋ ಅಂದರು.

ಎಷ್ಟೋ ದಿನ ಸಂಜೆ ಆರಕ್ಕೆ ತಾರಸಿ ಹತ್ತಿ, ಫೋನು ಹಿಡಿದು ಸುಮ್ಮನೆ ನಿಂತು ಇಳಿದು ಬರುತ್ತಿದ್ದೆ. ಕೊನೆಗೆ ಗಂಡ, "ಬೆಳಿಗ್ಗೆ ನನ್ನ ಜೊತೆ ಬಾ" ಅಂದರು. ಈಗ ನಾವಿಬ್ಬರೂ ರಾಮಾಪುರದ ರಸ್ತೆಯಲ್ಲಿ ಬೆಳಕು ಹರಿಯುವ ಹೊತ್ತಿಗೆ ನಡೆಯುತ್ತೇವೆ. ಅವರ ಜೊತೆಗೇ ತಿಂಡಿಗೆ ಕೂರುತ್ತೇನೆ, ಹಸಿವೂ ಆಗುತ್ತದೆ. ಮೊನ್ನೆ ರಾತ್ರಿ ಪಾತ್ರೆ ತೊಳೆದು ದೀಪ ಆರಿಸುವಾಗ ಗಡಿಯಾರದತ್ತ ಕಣ್ಣು ಹೋಯಿತು. ಒಂಬತ್ತಾಗುತ್ತಾ ಬಂದಿತ್ತು. ಎಂಟು ಗಂಟೆ ದಾಟಿಹೋಗಿದ್ದು ನನ್ನ ಹೊಟ್ಟೆಗೆ ತಿಳಿದೇ ಇರಲಿಲ್ಲ. ಕತ್ತಲಲ್ಲಿ ಅಡುಗೆಮನೆಯ ನೆಲದ ಮೇಲೆ ಕೂತುಕೊಂಡೆ. ಅತ್ತೆಯನ್ನೂ ಅವರ ಮಗನನ್ನೂ ಇನ್ನೊಂದು ಸಲ ಕಳೆದುಕೊಂಡ ಹಾಗಾಗಿ, ಗಂಡ ಬಂದು ಎಬ್ಬಿಸುವವರೆಗೂ ಅಲ್ಲೇ ಅಳುತ್ತಿದ್ದೆ.