ಅತ್ತೆಯ ಹೆಸರೇ ಸೊಸೆಗೂ

ನಿಜಾಮರ ಆಡಳಿತ ಮುಗಿದ ಮರುವರ್ಷ ಗಂಗಾವತಿ ಸೀಮೆಯಲ್ಲಿ ಮತದಾರರ ಪಟ್ಟಿ ಬರೆಯುವ ಕೆಲಸ ಶುರುವಾಯಿತು. ನಮ್ಮ ಓಣಿಯಲ್ಲಿ ಹೆಂಗಸರಿಗೆ ನೂಲು ತೆಗೆಯಲು ಕಲಿಸುತ್ತಿದ್ದ ಅಕ್ಕ ಊರೂರಿಗೆ ಹೋಗಿ ಹೆಣ್ಣುಮಕ್ಕಳ ಹೆಸರು ಬರೆಸುತ್ತಿದ್ದರು. ನಾನು ಉರ್ದುವಿನಲ್ಲಿ ಓದಿದವನು. ಕಚೇರಿಯ ಗೋಡೆಗೆ ಅಂಟಿಸಿದ ಹುಕುಂ ಓದಿ, ಯಾವ ನಿಯಮ ಬದಲಾಯಿತೆಂದು ಅವರಿಗೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಪ್ರತಿಯೊಂದನ್ನೂ ತಾರೀಖು ಹಾಕಿ ಡೈರಿಯಲ್ಲಿ ಇಳಿಸುತ್ತಿದ್ದೆ. ಹಿಂದಿನ ವರ್ಷ ನಿಜಾಮರ ವಿರುದ್ಧ ಹೋರಾಡುವವರ ಗಡಿಶಿಬಿರಕ್ಕೆಂದು ಹೊಳೆ ದಾಟಿ ಹೋದ ಅಣ್ಣ ಮರಳಿರಲಿಲ್ಲ. ಅಂದಿನಿಂದ ಹಸಿವು, ಬಿಸಿಲು ಯಾವುದೂ ನನಗೆ ಸರಿಯಾಗಿ ತಾಗುತ್ತಿರಲಿಲ್ಲ. ತಾರೀಖು ಬರೆಯುವುದೊಂದು ತಪ್ಪಲಿಲ್ಲ.

ಮೊದಲು ‘ಇಂಥವರ ತಾಯಿ’, ‘ಇಂಥ ಮನೆಯ ಸೊಸೆ’ ಎಂದರೆ ನಡೆಯುತ್ತಿತ್ತು. ನವಲಿ ಎಂಬ ಊರಿನ ಹೆಂಗಸರನ್ನೆಲ್ಲ ಅಕ್ಕ ಹಾಗೆಯೇ ಬರೆಸಿದ್ದರು. ಆಮೇಲೆ, ಸ್ವಂತ ಹೆಸರಿಲ್ಲದವರನ್ನು ಪಟ್ಟಿಯಿಂದ ತೆಗೆಯಲಾಗುವುದು ಎಂದು ಹುಕುಂ ಬಂತು.

“ಮತ್ತ ಹೋಗೂಣು ನಡಿ ತಮ್ಮ,” ಎಂದರು ಅಕ್ಕ. “ಹೋದ ಸಲ ಮಜ್ಜಿಗಿ ಕೊಟ್ಟಿದ್ರು. ಈ ಸಲ ಬೈಗಳ ಕೊಡ್ತಾರ.”

ಬೈಗುಳವೇ ಸಿಕ್ಕಿತು. ಆದರೂ ಹೆಸರು ಹೇಳಿದರು. ಒಂದು ಮನೆಯ ಸೊಸೆ ಮಾತ್ರ ಬಾಯಿ ಬಿಡಲಿಲ್ಲ. ಅವಳ ಹೆಸರೂ ಅತ್ತೆಯ ಹೆಸರೂ ಒಂದೇ. ಅತ್ತೆಯ ಹೆಸರನ್ನು ಸೊಸೆ ಹೇಳಬಾರದು, ಹಾಗಾಗಿ ತನ್ನದನ್ನೂ ಹೇಳುವಂತಿಲ್ಲ. ಮದುವೆಯಾದಾಗಿನಿಂದ ಮನೆಯವರು ಅವಳನ್ನು ಕರೆಯುವುದು ‘ಸಣ್ಣಾಕಿ’ ಎಂದೇ. ನೆರೆಮನೆಯ ಮುದುಕಿಯನ್ನು ಕೇಳಿ, ಒಂದೇ ಹೆಸರನ್ನು ಒಂದರ ಕೆಳಗೊಂದು ಬರೆದೆ.

“ನಾನೂ ಓಟು ಹಾಕಬೌದಲ್ರಿ ಅಕ್ಕಾರ?” ಎಂದು ಸೊಸೆ ಬಾಗಿಲ ಮರೆಯಿಂದ ಕೇಳಿದಳು.

“ಹಾಕಬೌದವ್ವ. ನಾ ಅದೀನಿ,” ಎಂದರು ಅಕ್ಕ.

ಕರಡು ಪಟ್ಟಿ ಅಂಟಿಸಿದಾಗ ಅದರಲ್ಲಿ ಆ ಅತ್ತೆ-ಸೊಸೆಯರ ಎರಡು ಹೆಸರಿನ ಬದಲು ಒಂದೇ ಉಳಿದಿತ್ತು. ನಾನು ಕೈತಪ್ಪಿ ಎರಡು ಸಲ ಬರೆದೆನೆಂದು ತಿಳಿದು ಗುಮಾಸ್ತ ಇನ್ನೊಂದನ್ನು ಹೊಡೆದುಹಾಕಿದ್ದ. ತಕರಾರಿದ್ದರೆ ಇಬ್ಬರೂ ಕಚೇರಿಗೆ ಬರಬೇಕು. ಅದಕ್ಕೆ ಆ ವಾರವೇ ಕಡೆಯದು.

ಅತ್ತೆ ಜಗುಲಿಯಿಂದ ಏಳಲಿಲ್ಲ. “ನಂದು ಐತಲ್ಲ. ಮನಿಗೊಂದು ಸಾಕು.”

“ಉಳದದ್ದು ನಿಮ್ದೋ ಆಕೀದೋ ನನಗೂ ಗೊತ್ತಿಲ್ರಿ ದೊಡ್ಡವ್ವ,” ಎಂದರು ಅಕ್ಕ.

ಅತ್ತೆ ಬಾಯಲ್ಲಿದ್ದ ಎಲೆ ಉಗಿದಳು. ಆಮೇಲೆ ಒಳಗೆ ಮುಖ ಮಾಡಿ ಹೇಳಿದಳು: “ಸಣ್ಣಾಕಿ, ಸೀರಿ ಉಟಗೋ. ಗಂಗಾವತಿಗೆ ಹೋಗೂದೈತಿ.”

ಕಚೇರಿಯಲ್ಲಿ ಗುಮಾಸ್ತ ಸೊಸೆಯ ಹೆಸರು ಕೇಳಿದ. ಅವಳು ನೆಲ ನೋಡಿದಳು.

“ಅತ್ತಿ ಮುಂದ ಅತ್ತಿ ಹೆಸರು ಹೆಂಗ ಹೇಳ್ತಾಳ್ರಿ?” ಎಂದರು ಅಕ್ಕ.

“ಹಂಗಾರ ನಾ ಕರೀತೀನಿ. ಓ ಅನ್ನಲಿ, ಸಾಕು.”

ಅವನು ಕರೆದ. “ಏನ್ರಿ?” ಎಂದಳು ಅತ್ತೆ.

“ನಿನ್ನಲ್ಲಬೇ ಯವ್ವ.” ಮತ್ತೆ ಕರೆದ. ಸೊಸೆ ಅಲುಗಲಿಲ್ಲ. ಆ ಹೆಸರಿಗೆ ಓಗೊಟ್ಟು ಎಷ್ಟು ವರ್ಷವಾಗಿತ್ತೋ. ಗುಮಾಸ್ತ ಲೇಖನಿ ಕೆಳಗಿಟ್ಟ.

“ಪರಗಂಡಸು ಕರದ್ರ ಆಕಿ ಓ ಅಂತಾಳೇನು? ತಡೀರಿ,” ಎಂದಳು ಅತ್ತೆ. ಸೊಸೆಯ ಕಡೆಗೆ ತಿರುಗಿದಳು. ತನ್ನದೇ ಹೆಸರನ್ನು, ಹಿತ್ತಲಿಂದ ಯಾರನ್ನೋ ಕೂಗುವ ಹಾಗೆ, ಜೋರಾಗಿ ಕರೆದಳು.

“ಓ,” ಎಂದಳು ಸೊಸೆ.

ಗುಮಾಸ್ತ ಬರೆದುಕೊಂಡ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ನನಗೆ ಏನೂ ಅನ್ನಿಸಲಿಲ್ಲ. ಡೈರಿಯಲ್ಲಿ ತಾರೀಖಿನ ಕೆಳಗೆ ಇಷ್ಟೇ ಇದೆ: ನವಲಿ, ಒಂದು ಹೆಸರು ಮರಳಿ ಬಂತು.