ಗಣಿತದ ಟೀಚರು ಯಾಕೆ ನಿಲ್ಲುವುದಿಲ್ಲ?

ಹೋದ ಆಗಸ್ಟಿನಲ್ಲಿ ಒಂದು ಸಂಜೆ ನಮ್ಮ ಶಾಲೆಯ ಗಣಿತದ ಟೀಚರು ಮನೆಯ ಬಾಗಿಲು ತಟ್ಟಿದರು. ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈಯಲ್ಲಿ ರಾಜೀನಾಮೆ ಪತ್ರ.

ಕೂತುಕೊಳ್ಳಿ ಎಂದೆ. ಕೂರಲಿಲ್ಲ. ನಿಮ್ಮ ಬಚ್ಚಲು ಎಲ್ಲಿ ಎಂದು ಮೆಲ್ಲಗೆ ಕೇಳಿದರು. ತೋರಿಸಿದೆ. ಬಂದ ಮೇಲೆ ಒಂದಾದ ಮೇಲೊಂದು ಮೂರು ಲೋಟ ನೀರು ಕುಡಿದರು. ಆಮೇಲೆ ಕುರ್ಚಿಯ ತುದಿಯಲ್ಲಿ ಕೂತು, ಹೆಡ್‌ಮಾಸ್ಟರು ಪತ್ರ ತೆಗೆದುಕೊಳ್ಳಲಿಲ್ಲ, ನೀವಾದರೂ ತೆಗೆದುಕೊಳ್ಳಿ ಎಂದರು.

‘ನಮ್ಮ ಶಾಲೆ’ ಎಂದರೆ ನನ್ನದೇನೂ ಅಲ್ಲ. ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನ ಆಚೆ, ಕೂಲಿಗಳ, ಖಲಾಸಿಗಳ ಮಕ್ಕಳಿಗೆಂದು ನಡೆಯುತ್ತಿರುವ ಹೈಸ್ಕೂಲು. ತಗಡಿನ ಮಾಡು, ಅರ್ಧ ಗೋಡೆ. ಕಮಿಟಿಯಲ್ಲಿ ನಾನೂ ಒಬ್ಬಳು. (ನಮ್ಮವರ ಹೋಟೆಲು ವರ್ಕ್‌ಶಾಪಿಗೆ ಹತ್ತಿರ. ಇಂಟರ್‌ಮೀಡಿಯೆಟ್ ಓದಿದ ಹೆಂಗಸೊಬ್ಬಳು ಕಮಿಟಿಗೆ ಬೇಕಾಗಿತ್ತು. ಇಷ್ಟೇ ನನ್ನ ಯೋಗ್ಯತೆ.)

ಆ ಶಾಲೆಯಲ್ಲಿ ಗಣಿತಕ್ಕೆ, ಸೈನ್ಸಿಗೆ ಯಾರೂ ನಿಲ್ಲುವುದಿಲ್ಲ. ಗಂಡಸರು ಬಂದರೆ ಎರಡನೇ ತಿಂಗಳಿಗೆ ಕೋಚ್ ಫ್ಯಾಕ್ಟರಿಯಲ್ಲೋ ಯಾವುದಾದರೂ ಆಫೀಸಿನಲ್ಲೋ ಕೆಲಸ ಹಿಡಿಯುತ್ತಾರೆ. ಬಿ.ಎಸ್ಸಿ. ಮಾಡಿದವನಿಗೆ ಮದರಾಸಿನಲ್ಲಿ ಕೆಲಸಕ್ಕೆ ಬರವೇ? ಸರಿ, ಹೆಂಗಸರನ್ನು ಕರೆಯೋಣ ಎಂದೆವು. ಎರಡು ವರ್ಷದಲ್ಲಿ ಮೂವರು ಬಂದರು. ಮೂವರೂ ಹೋದರು.

ಪ್ರತಿಯೊಬ್ಬರು ಹೋದಾಗಲೂ ಕಮಿಟಿ ಸೇರಿತು. ಮದುವೆ ಗೊತ್ತಾಗಿರಬೇಕು ಎಂದರು ಒಬ್ಬರು. ದೂರ ಆಗುತ್ತದೆ ಎಂದರು ಇನ್ನೊಬ್ಬರು. ಈಗಿನ ಹುಡುಗಿಯರಿಗೆ ತಾಳ್ಮೆ ಇಲ್ಲ ಎಂದು ಅಧ್ಯಕ್ಷರು ಮುಗಿಸಿದರು. ನಾನು? ಹೌದೌದು ಎಂದು ತಲೆಯಾಡಿಸಿ, ಕಾಫಿ ಕುಡಿದು ಮನೆಗೆ ಬಂದೆ.

ಹೊಸಬರು ಸಿಗುವವರೆಗೆ ಎಸ್.ಎಸ್.ಎಲ್.ಸಿ. ಮಕ್ಕಳಿಗೆ ಹೆಡ್‌ಮಾಸ್ಟರೇ ಗಣಿತ ಮಾಡುತ್ತಿದ್ದರು. ಅವರು ಚರಿತ್ರೆಯ ಮೇಷ್ಟ್ರು. ಪಾಪ, ರಾತ್ರಿ ಲೆಕ್ಕ ಬಾಯಿಪಾಠ ಮಾಡಿ ಬೆಳಗ್ಗೆ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಮಕ್ಕಳೂ ಅದನ್ನು ಚರಿತ್ರೆಯ ಹಾಗೆಯೇ ಬಾಯಿಪಾಠ ಮಾಡುತ್ತಿದ್ದರು. ಪರೀಕ್ಷೆಯಲ್ಲಿ ಏನಾಯಿತು ಎಂದು ಬರೆಯುವುದಿಲ್ಲ.

ಆಗ ಬಂದವರು ಈ ಸೆಲ್ವಮೇರಿ. ಕೋಲಾರದ ಚಿನ್ನದ ಗಣಿಯವರು. ತಂದೆ ಗಣಿಯೊಳಗೆ ಇಳಿದು ಕೆಲಸ ಮಾಡಿದವರು. ಗಣಿ ಕೂಲಿಗಳ ಲೈನ್ ಮನೆಯಲ್ಲಿ ಹುಟ್ಟಿ, ಸ್ಕಾಲರ್‌ಶಿಪ್ಪಿನಲ್ಲಿ ಓದಿ, ಬಿ.ಎಸ್ಸಿ., ಬಿ.ಟಿ. ಮಾಡಿದ ಹುಡುಗಿ. ಇಂಟರ್‌ವ್ಯೂನಲ್ಲಿ ಒಬ್ಬ ಸದಸ್ಯರು ನಿಮ್ಮದು ಯಾವ ಜನ ಎಂದು ಕೇಳಿದರು. ಗಣಿ ಜನ ಸಾರ್ ಎಂದು ಉತ್ತರ ಬಂತು. ನನಗೆ ಆಗಲೇ ಇಷ್ಟವಾಗಿದ್ದರು.

ಜೂನ್‌ನಲ್ಲಿ ಒಂದು ದಿನ ನಾನು ಅವರ ಕ್ಲಾಸಿನ ಹೊರಗೆ ನಿಂತು ಕೇಳಿದ್ದೇನೆ. ಸೊನ್ನೆಗಿಂತ ಕಡಮೆ ಸಂಖ್ಯೆ ಹೇಗಿರುತ್ತದೆ ಎಂಬ ಪಾಠ. ಬೋರ್ಡಿನ ಮೇಲೆ ಒಂದು ಅಡ್ಡಗೆರೆ ಎಳೆದರು. ಇದು ನೆಲ, ಇದು ಸೊನ್ನೆ. ನಮ್ಮಪ್ಪ ಬೆಳಗ್ಗೆ ಇಲ್ಲಿಂದ ಕೆಳಗೆ ಇಳಿಯುತ್ತಿದ್ದರು. ನೂರು ಅಡಿ ಇಳಿದರೆ ಎಲ್ಲಿದ್ದಾರೆ? ಇನ್ನೂ ಇನ್ನೂರು ಇಳಿದರೆ? ಸಾಯಂಕಾಲ ಮನೆಗೆ ಬರಬೇಕಾದರೆ ಎಷ್ಟು ಹತ್ತಬೇಕು? ಕ್ಲಾಸಿಗೆ ಕ್ಲಾಸೇ ಉತ್ತರ ಕೂಗಿತು. ಅಪ್ಪ ಕೆಲಸದಿಂದ ಮನೆಗೆ ಬರುವ ಲೆಕ್ಕ ಆ ಮಕ್ಕಳಿಗೆ ಯಾರು ಹೇಳಿಕೊಡಬೇಕು? ನನಗೂ ಆ ದಿನವೇ ಮೈನಸ್ ಎಂದರೆ ಏನೆಂದು ತಿಳಿದದ್ದು. (ಇಂಟರ್‌ಮೀಡಿಯೆಟ್ ಹೇಗೆ ಪಾಸಾದೆ ಎಂದು ಕೇಳಬೇಡಿ.)

ಇಂಥವರು ರಾಜೀನಾಮೆ ಹಿಡಿದುಕೊಂಡು ಬಂದರೆ ನನಗೆ ಹೇಗಾಗಬೇಡ? ಮದುವೆಯೇ ಎಂದು ಕೇಳಿದೆ. ಅಲ್ಲ. ದೂರವೇ? ಅಲ್ಲ. ಮಕ್ಕಳು ತೊಂದರೆ ಕೊಡುತ್ತಾರೆಯೇ? ಆ ಮಕ್ಕಳನ್ನು ಬಿಟ್ಟು ಹೋಗುವುದೇ ಕಷ್ಟ ಎಂದರು. ಆಮೇಲೆ ತಮ್ಮ ಗಣಿಯ ಕನ್ನಡದಲ್ಲಿ ಹೇಳಿದರು:

“ಬೆಳಗ್ಗೆ ಎಂಟಕ್ಕೆ ಮನೆ ಬಿಡ್ತೀನಿ ಅಮ್ಮ. ವಾಪಸ್ ಹೋಗೋದು ಐದೂವರೆ. ಅಲ್ಲೀವರೆಗೂ ಒಂದು ತೊಟ್ಟು ನೀರು ಕುಡಿಯಲ್ಲ. ಕುಡಿದ್ರೆ ಎಲ್ಲಿಗೆ ಹೋಗ್ಲಿ? ಎರಡು ಸಲ ಜ್ವರ ಬಂತು. ಡಾಕ್ಟರಮ್ಮ ಹೇಳಿಬಿಟ್ರು, ಹೀಗೇ ಇದ್ರೆ ಆಸ್ಪತ್ರೆಗೆ ಸೇರ್ತೀಯ ಅಂತ.”

ನಮ್ಮ ಶಾಲೆಯಲ್ಲಿ ಹೆಂಗಸರಿಗೆ ಕಕ್ಕಸು ಇಲ್ಲ. (ಈ ಪದ ಬರೆಯಬಹುದೇ ಎಂದು ಸಂಪಾದಕರನ್ನು ಕೇಳಿಲ್ಲ. ಬರೆದಿದ್ದೇನೆ.) ಗಂಡಸರು ಹಿಂದಿನ ಗೋಡೆಯ ಆಚೆ ಹೋಗುತ್ತಾರೆ. ಗೋಡೆಯ ಆಚೆ ರೈಲು ಹಳಿ, ಬಯಲು.

ನನಗೆ ನಾಚಿಕೆಯಾಯಿತು. ನಾನೂ ಹೆಣ್ಣೇ. ಮೂರು ವರ್ಷದಿಂದ ಆ ಕಮಿಟಿಯಲ್ಲಿದ್ದೇನೆ. ನನಗೆ ಯಾಕೆ ಹೊಳೆಯಲಿಲ್ಲ? ಅದನ್ನೇ ಅವರ ಮುಂದೆಯೂ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ.

“ನೀವು ಬಂದು ಇರೋದು ಒಂದು ಗಂಟೆ ಹೊತ್ತು ಅಮ್ಮ,” ಎಂದರು. “ನಾವಿರೋದು ದಿನ ಪೂರ್ತಿ.”

ಪತ್ರ ನನ್ನ ಹತ್ತಿರವೇ ಇರಲಿ, ಒಂದು ತಿಂಗಳು ಟೈಮ್ ಕೊಡಿ ಎಂದು ಬೇಡಿಕೊಂಡೆ. ಶಾಲೆಗೆ ಎದುರಿನ ಬೀದಿಯಲ್ಲಿ ಪರಿಚಯದ ಒಬ್ಬ ಅಮ್ಮನ ಮನೆಯಿತ್ತು. ಅಲ್ಲಿಯವರೆಗೆ ಟೀಚರು ಮಧ್ಯಾಹ್ನ ಅಲ್ಲಿಗೆ ಹೋಗಿ ಬರುವಂತೆ ಆಕೆಯನ್ನು ಒಪ್ಪಿಸಿದೆ.

ಮುಂದಿನ ವಾರವೇ ಶಾಲೆಯಲ್ಲಿ ಮೀಟಿಂಗು. ಆರು ಮಂದಿ ಗಂಡಸರು, ನಾನು. ಅಧ್ಯಕ್ಷರು ರಿಟೈರ್ಡ್ ಇಂಜಿನಿಯರು, ದೊಡ್ಡ ದೊಡ್ಡ ಸೇತುವೆ ಕಟ್ಟಿಸಿದವರು. ನಾನು ಸುತ್ತುಬಳಸಿ ವಿಷಯ ಎತ್ತಿದೆ. ಅವರಿಗೆ ಅರ್ಥವಾಯಿತು, ಆದರೆ ಅರ್ಥವಾದದ್ದು ಬೇಡವಾಗಿತ್ತು. ಇದು ಅಜೆಂಡಾದಲ್ಲಿ ಇಲ್ಲ, ಬರುವ ವರ್ಷ ನೋಡೋಣ ಎಂದರು. ಉಳಿದವರು ಕಾಗದ ತಿರುವತೊಡಗಿದರು.

ಎಲ್ಲಿಂದ ಧೈರ್ಯ ಬಂತೋ, ಎದ್ದು ನಿಂತೆ.

“ಸಾರ್, ನನಗೆ ಈಗ ಹೋಗಬೇಕಾಗಿದೆ,” ಎಂದೆ. “ಎಲ್ಲಿಗೆ ಹೋಗಲಿ?”

ಹೆಡ್‌ಮಾಸ್ಟರು ಎದ್ದು ಬಾಗಿಲವರೆಗೆ ಹೋದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಮತ್ತೆ ಬಂದು ಕೂತರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ತುಂಬ ಹೊತ್ತು ಒರೆಸಿದರು. ಆಮೇಲೆ ಹೆಡ್‌ಮಾಸ್ಟರನ್ನು ಒಂದು ಪೆನ್ಸಿಲು ಕೇಳಿ, ಅಜೆಂಡಾದ ಹಿಂಬದಿಯಲ್ಲೇ ಪ್ಲಾನು ಬರೆಯಲು ಶುರುಮಾಡಿದರು. ಅವರ ಮೇಲಿದ್ದ ನನ್ನ ಸಿಟ್ಟೆಲ್ಲ ಅಲ್ಲಿಗೆ ಇಳಿಯಿತು.

ಕಟ್ಟಿದವರು ಮಕ್ಕಳ ಅಪ್ಪಂದಿರು. ಮುನುಸ್ವಾಮಿ ಎಂಬ ಮೇಸ್ತ್ರಿಯ ಮಗಳು ಒಂಬತ್ತನೇ ಕ್ಲಾಸಿನವಳು. ಅವರು ಜೊತೆಯವರನ್ನು ಕರೆದುಕೊಂಡು ಬಂದು ಮೂರು ಭಾನುವಾರ ಇಟ್ಟಿಗೆ ಇಟ್ಟರು. ಒಂದು ಟೀಚರುಗಳಿಗೆ, ಎರಡು ಹೆಣ್ಣುಮಕ್ಕಳಿಗೆ. ಎಪ್ಪತ್ತು ದಾಟಿದ ಅಧ್ಯಕ್ಷರು ಛತ್ರಿ ಹಿಡಿದು ಬಿಸಿಲಲ್ಲಿ ನಿಂತು ಮಟ್ಟ ನೋಡಿದರು. ಸೇತುವೆಗೂ ಅಷ್ಟು ನೋಡಿದ್ದರೋ ಇಲ್ಲವೋ.

ಕೊನೆಗೆ ಒಂದು ಬಾಗಿಲು ಕಡಮೆ ಬಿತ್ತು. ಮನೆಯಲ್ಲಿ ಹೇಳಿಕೊಂಡಾಗ ನಮ್ಮವರು, “ನಮ್ಮ ಹೋಟ್ಲಿನ ಅಡುಗೆಮನೆಯ ಹಳೇ ಬಾಗಿಲು ಉಂಟಲ್ಲ, ಅದನ್ನೇ ಕೊಂಡ್ಹೋಗಿ,” ಎಂದರು. ಆ ಬಾಗಿಲ ಮೇಲೆ ‘ಅನ್ಯರಿಗೆ ಪ್ರವೇಶವಿಲ್ಲ’ ಎಂದು ತಮಿಳಿನಲ್ಲಿ ಪೇಂಟಿನಲ್ಲಿ ಬರೆದದ್ದು ಹಾಗೇ ಇತ್ತು. ಅಳಿಸಬೇಡಿ ಎಂದೆ. ಅಷ್ಟು ಚೆನ್ನಾಗಿ ಹೊಂದುವ ಬೋರ್ಡು ಬೇರೆಲ್ಲಿ ಸಿಗುತ್ತದೆ?

ಎಲ್ಲವೂ ನೆಟ್ಟಗಾಯಿತು ಎಂದುಕೊಳ್ಳಬೇಡಿ. ಸೆಪ್ಟೆಂಬರಿನಲ್ಲಿ ಸೈನ್ಸ್ ಮೇಷ್ಟ್ರು ಪಲ್ಲಾವರಂ ಕಡೆ ಒಳ್ಳೆಯ ಕೆಲಸ ಸಿಕ್ಕಿ ಹೊರಟುಹೋದರು. ಅವರ ಮನೆಗೆ ಹತ್ತಿರ, ತಡೆಯುವುದು ಹೇಗೆ? ಆದರೆ ಮೇರಿ ಟೀಚರು ಗಣಿಯಲ್ಲಿದ್ದ ತಮ್ಮ ಗೆಳತಿಗೆ ಪತ್ರ ಬರೆದರು. ಆಕೆ ಫಿಸಿಕ್ಸ್ ಓದಿದವರು. ಪತ್ರದಲ್ಲಿ ಶಾಲೆಯ ವಿಚಾರ ಏನೇನು ಬರೆದರೋ, ನನಗೆ ಒಂದೇ ಸಾಲು ಓದಿ ಹೇಳಿದರು: ಇಲ್ಲಿ ನೀರು ಕುಡಿಯಬಹುದು. ಗೆಳತಿ ಅಕ್ಟೋಬರಿನಲ್ಲಿ ಟ್ರಂಕು ಹಿಡಿದು ಬಂದಿಳಿದರು. ಈಗ ಇಬ್ಬರೂ ಒಂದೇ ಕೋಣೆಯಲ್ಲಿದ್ದಾರೆ. ಭಾನುವಾರ ನಮ್ಮಲ್ಲಿ ಊಟ.

ನಾವು ಯೋಚಿಸದೇ ಇದ್ದದ್ದೂ ಒಂದು ನಡೆಯಿತು. ದೊಡ್ಡವರಾದ ಮೇಲೆ ಶಾಲೆ ಬಿಟ್ಟಿದ್ದ ನಾಲ್ಕು ಹುಡುಗಿಯರು, ತಾಯಂದಿರು ಬಂದು ನೋಡಿಹೋದ ಮೇಲೆ, ಮತ್ತೆ ಸೇರಿದ್ದಾರೆ. ಅವರಲ್ಲಿ ಒಬ್ಬಳು ತಾನೂ ಗಣಿತ ಟೀಚರೇ ಆಗುತ್ತೇನೆ ಎಂದು ಮನೆಯಲ್ಲಿ ಹೇಳಿದ್ದಾಳಂತೆ. ಆ ರಾಜೀನಾಮೆ ಪತ್ರವನ್ನು ಟೀಚರು ವಾಪಸ್ ಕೇಳಲಿಲ್ಲ, ನಾನೂ ಕೊಡಲಿಲ್ಲ. ಹರಿದು ಒಲೆಗೆ ಹಾಕಿದೆ.

ಆದರೂ ಮನಸ್ಸಿನಲ್ಲಿ ಒಂದು ಉಳಿದಿತ್ತು. ಶಾಲೆಯ ಹಳೇ ಕಾಗದಪತ್ರ ತೆಗೆಸಿ, ಮೊದಲು ಬಿಟ್ಟುಹೋದ ಆ ಮೂವರಲ್ಲಿ ಒಬ್ಬರ ವಿಳಾಸ ಹುಡುಕಿದೆ. ನೀವು ಯಾಕೆ ಹೋದಿರಿ ಎಂದು ಒಂದು ಕಾರ್ಡು ಹಾಕಿದೆ. ಹತ್ತು ದಿನಕ್ಕೆ ಉತ್ತರ ಬಂತು. ಕಾರಣ ಅದೇ. ಕೊನೆಗೆ ಒಂದು ಸಾಲು ಇತ್ತು: ಕೇಳಿದವರು ನೀವೇ ಮೊದಲು.

ನಿಮ್ಮೂರಿನ ಶಾಲೆಯಿಂದಲೂ ಯಾರೋ ಹೋಗಿರುತ್ತಾರಲ್ಲ, ಅವರಿಗೊಂದು ಕಾರ್ಡು ಹಾಕಿದ್ದೀರಾ?